ಕಪ್ಪೆಗಾಡಿಯ ಪೆಟ್ರೋಲು

ನನ್ನ ಮೈದುನನಿಗೆ ಅನುಮಾನ ಮೊದಲು ಬಂದದ್ದು ಪೆಟ್ರೋಲ್ ಪಂಪಿನವರ ಮೇಲೆ. ಅಲ್ಲಿಂದ ಎದ್ದು ಮೆಕ್ಯಾನಿಕನ ಹತ್ತಿರ ಹೋಗಿ ಸ್ವಲ್ಪ ದಿನ ಇತ್ತು. ಕೊನೆಗೆ ಬಂದು ಮಾಮಾನ ಮೇಲೆ ಕೂತಿತು. ಅಲ್ಲಿಂದ ಏಳುವ ಲಕ್ಷಣ ಮಾತ್ರ ಕಾಣಲಿಲ್ಲ.

ಮಾಮಾ ಅಂದರೆ ನನ್ನ ತವರಿನ ಸೋದರಮಾವನಲ್ಲ. ಪುಣೆಯಲ್ಲಿ ಹೆಸರು ಹಿಡಿದು ಕರೆಯಲಾಗದ ವಯಸ್ಸಿನ ಗಂಡಸರೆಲ್ಲ ಮಾಮಾಗಳೇ. ಕಾತ್ರಜ್ ಘಾಟು ದಾಟಿ ಆಚೆ ಇಳಿದರೆ ನಮ್ಮದೊಂದು ಕಲ್ಲು ಜಮೀನು ಇದೆ. ಹುಲ್ಲು ಬಿಟ್ಟರೆ ಬೇರೇನೂ ಬೆಳೆಯದ ಇಳಿಜಾರು. ಅದರ ಗೇಟಿನ ಪಕ್ಕದ ತಗಡಿನ ಕೋಣೆಯಲ್ಲಿ ಮಾಮಾ ಮತ್ತು ಅವರ ಹೆಂಡತಿ ಮಾಮಿ ಇರುತ್ತಾರೆ. ಇಬ್ಬರೂ ಅಲ್ಲಿಯ ಹಳ್ಳಿಯವರೇ. ಅವರ ಮನೆ ಅಣ್ಣತಮ್ಮಂದಿರ ಪಾಲಿನಲ್ಲಿ ಹೋಗಿ, ಉಳಿದದ್ದು ಒಂದು ಗೋಡೆಯಂತೆ. ಹಾಗಾಗಿ ಆ ತಗಡಿನ ಕೋಣೆಯೇ ಅವರಿಗೆ ಮನೆ. ಗಿಡಗಳಿಗೆ ನೀರು ಹಾಕುವುದು, ಬೇರೆಯವರ ದನ ಒಳಗೆ ಬರದಂತೆ ನೋಡುವುದು, ಗೇಟು ತೆಗೆದು ಹಾಕುವುದು ಅವರ ಕೆಲಸ.

ನಾವಿರುವುದು ಧನಕವಡಿಯಲ್ಲಿ. ನಮ್ಮ ಮನೆಯವರಿಗೆ ಕ್ಯಾಂಪ್ ಪೇಟೆಯಲ್ಲಿ ಪರದೆ ಬಟ್ಟೆಯ ಅಂಗಡಿ. ಮೈದುನ ಧಾರವಾಡದಿಂದ ಬಂದು ಅಣ್ಣನ ಜೊತೆ ಅಂಗಡಿಯಲ್ಲಿ ನಿಂತ. ಆದರೆ ಪರದೆ ಅಳೆಯುವುದರಲ್ಲಿ ಅವನಿಗೆ ಮನಸ್ಸು ನಿಲ್ಲಲಿಲ್ಲ. ಶನಿವಾರ, ಭಾನುವಾರ ಊರಿನ ಜನ ಗುಡ್ಡದ ಕಡೆ ಹೋಗುತ್ತಾರೆ, ಅವರಿಗೆ ರೊಟ್ಟಿ ಝುಣಕ ಕೊಟ್ಟು, ಓಡಿಸಲಿಕ್ಕೆ ಒಂದು ಗಾಡಿ ಇಟ್ಟರೆ ಆ ಕಲ್ಲು ಜಮೀನಿಗೂ ಬೆಲೆ ಬರುತ್ತದೆ ಎಂದು ಅವನೇ ತಲೆ ಓಡಿಸಿದ. ರೊಟ್ಟಿ ಝುಣಕ ನನ್ನ ಪಾಲಿಗೆ ಬಂತು. ಗಾಡಿಯನ್ನು ಅವನು ಯೆರವಡಾದ ಯಾರದೋ ಹತ್ತಿರ ಸೆಕೆಂಡ್ ಹ್ಯಾಂಡ್ ತಂದ.

ಅದು ಕಾರೂ ಅಲ್ಲ, ಮೋಟರ್ ಸೈಕಲ್ಲೂ ಅಲ್ಲ. ದಪ್ಪನೆಯ ನಾಲ್ಕು ಟೈರು, ನಡುವೆ ಮೋಟರ್ ಸೈಕಲ್ಲಿನ ಹಾಗೆ ಹ್ಯಾಂಡಲ್ಲು ಮತ್ತು ಸೀಟು. ಕಲ್ಲು, ಕೆಸರು, ಹಳ್ಳ ಎಲ್ಲದರ ಮೇಲೂ ಹೋಗುತ್ತದೆ. ಮೈದುನ ಅದನ್ನು ಎಟಿವಿ ಎಂದು ಕರೆಯುತ್ತಾನೆ. ಟೆಂಪೊದಿಂದ ಇಳಿಸಿದ ದಿನ ಮಾಮಾ ಅದರ ಸುತ್ತ ಒಮ್ಮೆ ತಿರುಗಿ ಬಂದು, ಇದು ಕೂತ ಕಪ್ಪೆಯ ಹಾಗಿದೆ ಎಂದು ಮರಾಠಿಯಲ್ಲಿ ಹೇಳಿ ನಕ್ಕರು. ಅವತ್ತಿನಿಂದ ನಮ್ಮ ಮನೆಯಲ್ಲಿ ಅದು ಕಪ್ಪೆಗಾಡಿ.

ಮೊದಲ ಕೆಲವು ತಿಂಗಳು ಕಪ್ಪೆಗಾಡಿ ಹೇಳಿದಂತೆ ಕೇಳಿತು. ಮಳೆಗಾಲದಲ್ಲಿ ಜನ ಕಡಿಮೆಯಾಗಿ ತಗಡಿನ ಶೆಡ್ಡಿನಲ್ಲಿ ಸುಮ್ಮನೆ ನಿಂತಿತ್ತು. ಮಳೆ ನಿಂತ ಮೇಲೆ ಒಂದು ಶನಿವಾರ ಬೆಳಿಗ್ಗೆ ಮೈದುನ ಬಟನ್ ಒತ್ತಿದರೆ ಗರ್ರ್ ಗರ್ರ್ ಎಂದು ತಿರುಗಿತೇ ಹೊರತು ಹತ್ತಿಕೊಳ್ಳಲಿಲ್ಲ. ಓಡಿಸಲು ಬಂದವರು ಸಾಲಾಗಿ ನಿಂತು ನೋಡುತ್ತಿದ್ದರು. ಅವನು ಪ್ಲಗ್ ಬಿಚ್ಚಿದ. ಪ್ಲಗ್ಗಿನ ತುದಿ ಕಾಡಿಗೆಯ ಹಾಗೆ ಕಪ್ಪಾಗಿ, ಪೆಟ್ರೋಲಿನಲ್ಲಿ ಅದ್ದಿ ತೆಗೆದ ಹಾಗೆ ಒದ್ದೆಯಾಗಿತ್ತು. ಒರೆಸಿ ಒಣಗಿಸಿ ಹಾಕಿದ. ಗಾಡಿ ಸ್ಟಾರ್ಟ್ ಆಯಿತು, ಕರಿ ಹೊಗೆ ಬಿಟ್ಟಿತು, ಏರಿನಲ್ಲಿ ಕೆಮ್ಮಿ ನಿಂತಿತು. ಅಷ್ಟು ಹೊತ್ತಿಗೆ ಪೆಟ್ರೋಲಿನ ವಾಸನೆ ನನ್ನ ಒಲೆಯವರೆಗೆ ಬಂದಿತ್ತು. ಊಟಕ್ಕೆ ಕೂತ ಒಬ್ಬ ಹೆಣ್ಣುಮಗಳು ಝುಣಕ ಮೂಸಿ ನೋಡಿ, ಅದನ್ನು ಪಕ್ಕಕ್ಕೆ ಸರಿಸಿ ಮೊಸರನ್ನಷ್ಟೇ ಊಟ ಮಾಡಿದಳು. ನನಗೆ ಅದು ಬಹಳ ಕೆಡುಕೆನಿಸಿತು.

ಆಗ ಊರಲ್ಲೆಲ್ಲ ಪೆಟ್ರೋಲಿಗೆ ಎಥೆನಾಲ್ ಸೇರಿಸುವ ಮಾತೇ ಮಾತು. ಅದು ನೀರು ಎಳೆಯುತ್ತದಂತೆ, ರಬ್ಬರ್ ತಿನ್ನುತ್ತದಂತೆ, ಹಳೇ ಗಾಡಿಗಳಿಗೆ ಆಗಿಬರುವುದಿಲ್ಲವಂತೆ. ಮೈದುನ ಪಂಪಿನವರು ಇನ್ನೂ ಏನೋ ಬೆರೆಸುತ್ತಾರೆ ಎಂದ. ನನ್ನ ಲಿಂಬೆಹಣ್ಣಿನ ಉಪ್ಪಿನಕಾಯಿಯ ಗಾಜಿನ ಬಾಟಲಿ ತೊಳೆದು ಒಣಗಿಸಿಟ್ಟಿದ್ದೆ. ಅದರಲ್ಲಿ ಟಾಂಕಿಯ ಪೆಟ್ರೋಲು ಸುರಿದು ಬಾಲ್ಕನಿಯ ಮೂಲೆಯಲ್ಲಿಟ್ಟ. ನೀರಿದ್ದರೆ ತಳಕ್ಕೆ ಕೂರುತ್ತದೆ ಎಂದು ಮರುದಿನ ಬಗ್ಗಿ ಬಗ್ಗಿ ನೋಡಿದ. ತಳದಲ್ಲಿ ಏನೂ ಕೂತಿರಲಿಲ್ಲ. ಆದರೂ ಅವತ್ತಿನಿಂದ ಆ ಪಂಪು ಬಿಟ್ಟು ದೂರದ ಇನ್ನೊಂದಕ್ಕೆ ಹೋಗತೊಡಗಿದ. ನನ್ನ ಬಾಟಲಿ ಮತ್ತೆ ಉಪ್ಪಿನಕಾಯಿಗೆ ಬರಲಿಲ್ಲ.

ಪೆಟ್ರೋಲು ಬದಲಾದರೂ ಗಾಡಿ ಬದಲಾಗಲಿಲ್ಲ. ಆಗ ಧನಕವಡಿಯ ಒಬ್ಬ ಮೆಕ್ಯಾನಿಕನನ್ನು ಕರೆದುಕೊಂಡು ಹೋದೆವು. ಅವನು ಕಾರ್ಬೊರೇಟರ್ ಬಿಚ್ಚಿ ಹಳೇ ಬನಿಯನ್ನಿನ ಮೇಲೆ ಹರಡಿದ. ನಾನು ಪಕ್ಕದಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತು ನೋಡಿದೆ. ಅದರ ಕೆಳಗೆ ಒಂದು ಪುಟ್ಟ ಬಟ್ಟಲು, ಪೆಟ್ರೋಲು ಮೊದಲು ಬಂದು ನಿಲ್ಲುವುದು ಅಲ್ಲಿ. ಬಟ್ಟಲೊಳಗೆ ಒಂದು ಬುರುಡೆ ತೇಲುತ್ತದೆ. ಬಟ್ಟಲು ತುಂಬಿದಾಗ ಬುರುಡೆ ಮೇಲೆದ್ದು ಒಂದು ಸಣ್ಣ ಸೂಜಿಯನ್ನು ಒತ್ತಿ ಪೆಟ್ರೋಲಿನ ದಾರಿ ಮುಚ್ಚುತ್ತದೆ. ನಮ್ಮ ಬಿಲ್ಡಿಂಗಿನ ತಾರಸಿಯ ನೀರಿನ ಟಾಂಕಿಯಲ್ಲಿ ಚೆಂಡು ತೇಲಿ ನಳ ಮುಚ್ಚುತ್ತದಲ್ಲ, ಅದೇ ಲೆಕ್ಕ. ಆ ಚೆಂಡು ಕೆಟ್ಟರೆ ಟಾಂಕಿ ತುಂಬಿ ಹೊರಚೆಲ್ಲುವುದನ್ನು ನಾವು ಎಷ್ಟೋ ಸಲ ನೋಡಿದ್ದೇವೆ.

ಮೆಕ್ಯಾನಿಕ್ ಸೂಜಿಯ ತುದಿ ಸವೆದಿದೆ, ಬೇರೆ ತರಿಸಬೇಕು, ತಡವಾಗುತ್ತದೆ ಎಂದ. ಅಲ್ಲಿಯವರೆಗೆ ಗಾಡಿ ನಿಲ್ಲಿಸಿದಾಗ ಟಾಂಕಿಯ ಕೆಳಗಿನ ಕಾಕ್ ಬಂದ್ ಮಾಡಬೇಕು, ಇಡೀ ವಾರ ನಿಲ್ಲುವುದಾದರೆ ಕಾರ್ಬೊರೇಟರಿನಲ್ಲಿ ಉಳಿದದ್ದನ್ನೂ ತೆಗೆದುಬಿಡಬೇಕು ಎಂದು ಹೇಳಿಹೋದ. ಕಾಕ್ ಅಂದರೆ ಬೆರಳಿನಷ್ಟು ಉದ್ದದ ಒಂದು ಹಿಡಿಕೆ. ಮೂತಿ ಕೆಳಗಿದ್ದರೆ ಪೆಟ್ರೋಲು ಹರಿಯುತ್ತದೆ, ಅಡ್ಡ ಇದ್ದರೆ ಬಂದ್. ಮೈದುನ ಅವತ್ತೇ ಮಾಮಾನನ್ನು ಕರೆದು, ಗಾಡಿಯ ಹೊಟ್ಟೆಯ ಕಡೆ ಬೆರಳು ತೋರಿಸಿ, ಸಂಜೆ ಹೀಗೆ ಹೀಗೆ ಮಾಡಬೇಕು ಎಂದು ತನ್ನ ಮರಾಠಿಯಲ್ಲಿ ಹೇಳಿದ. ಅವನ ಮರಾಠಿ ಅಂದರೆ ಧಾರವಾಡದ ಕನ್ನಡಕ್ಕೆ ಬಾಲ ಮಾತ್ರ ಮರಾಠಿಯದು. ಮಾಮಾ ಹೂಂ ಎಂದು ತಲೆ ಆಡಿಸಿದರು.

ಮುಂದಿನ ಶನಿವಾರವೂ ಪ್ಲಗ್ ಒದ್ದೆ. ಮೈದುನನ ಅನುಮಾನ ಮೆಕ್ಯಾನಿಕನ ಕಡೆ ತಿರುಗಿತು. ಒಳ್ಳೆಯ ಜೆಟ್ ತೆಗೆದು ಸವೆದದ್ದು ಹಾಕಿರಬೇಕು ಎಂದ. ಜೆಟ್ ಅಂದರೆ ಹಿತ್ತಾಳೆಯ ಒಂದು ಚೂರು, ಅದರ ನಡುವೆ ಕೂದಲಿನಷ್ಟು ತೂತು. ಕಾರ್ಬೊರೇಟರನ್ನೇ ಬಿಚ್ಚಿ ಮನೆಗೆ ತಂದು, ನನ್ನ ಸ್ಟೀಲಿನ ತಾಟಿನಲ್ಲಿಟ್ಟುಕೊಂಡು, ಮೊಬೈಲಿನಲ್ಲಿ ವಿಡಿಯೊ ಹಚ್ಚಿ ಹಾಲಿನ ನಡುವೆ ಕೂತ. ಜೆಟ್ಟನ್ನು ಟ್ಯೂಬ್ ಲೈಟಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ. ನನಗೂ ನೋಡಲು ಕೊಟ್ಟ. ತೂತಿನಾಚೆ ಬೆಳಕು ಕಂಡಿತು, ಅಷ್ಟೇ. ಅದು ಹಳೆಯದೋ ಹೊಸದೋ, ನಮ್ಮದೋ ಪರರದೋ ಹೇಗೆ ಹೇಳುವುದು. ಮೆಕ್ಯಾನಿಕನ ಮೇಲಿನ ಅನುಮಾನ ಸಾಬೀತಾಗದೆ ಹಾಗೆಯೇ ಉಳಿಯಿತು. ಮೈದುನ ರಸ್ತೆಯಲ್ಲಿ ಅವನನ್ನು ಕಂಡರೆ ಮುಖ ತಿರುಗಿಸುವಷ್ಟರ ಮಟ್ಟಿಗೆ.

ಪೆಟ್ರೋಲು ಕಡಿಮೆಯಾಗುತ್ತಿದೆ ಎಂದು ಗೊತ್ತಾದದ್ದು ಆಮೇಲೆ. ಅವನು ನನ್ನ ಕಸಬರಿಗೆಯಿಂದ ಒಂದು ಕಡ್ಡಿ ಎಳೆದು ಟಾಂಕಿಯೊಳಗೆ ಬಿಟ್ಟು ನೋಡುವುದು ಶುರು ಮಾಡಿದ. ಭಾನುವಾರ ಸಂಜೆ ನೋಡಿದರೆ ಕಡ್ಡಿ ಒದ್ದೆಯಾದದ್ದು ಒಂದು ಗೇಣಿನ ಹತ್ತಿರ. ಶನಿವಾರ ಬೆಳಿಗ್ಗೆ ನೋಡಿದರೆ ಅದರಲ್ಲಿ ನಾಲ್ಕು ಬೆರಳು ಇಲ್ಲ. ಅದಕ್ಕಿಂತ ದೊಡ್ಡ ವಿಷಯ ಕಾಕ್‌ನದು. ಭಾನುವಾರ ಹೊರಡುವ ಮುಂಚೆ ಅವನು ತನ್ನ ಕೈಯಿಂದಲೇ ಹಿಡಿಕೆ ಅಡ್ಡ ಮಾಡುತ್ತಿದ್ದ. ಶನಿವಾರ ಬಂದು ನೋಡಿದರೆ ಹಿಡಿಕೆ ಕೆಳಗೆ.

“ವೈನಿ, ಕಾಕ್ ತಾನ ತೆರಕೋತದೇನು?” ಎಂದು ನನ್ನನ್ನು ಕೇಳಿದ. “ಪೈಪ್ ಕಿತ್ತು, ಬಾಟ್ಲಿ ಹಿಡದು, ಕಾಕ್ ತೆಗದ್ರ ಆತು. ಬರೇ ಎರಡು ನಿಮಿಷದ ಕೆಲಸ.”

ನಾವಿಲ್ಲದ ದಿನಗಳಲ್ಲಿ ಅಲ್ಲಿ ಇರುವವರು ಯಾರು ಎಂದು ಅವನು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ನನಗೆ ಮೊದಲು ನಂಬಿಕೆ ಬರಲಿಲ್ಲ. ಆದರೆ ಒಂದು ಮಾತು ಕಿವಿಯಲ್ಲಿ ಬಿದ್ದ ಮೇಲೆ ಕಣ್ಣು ಸುಮ್ಮನಿರುವುದಿಲ್ಲ. ಮಾಮಾನ ಅಂಗಿ ತಂತಿಯ ಮೇಲೆ ಒಣಗುತ್ತಿದ್ದರೆ, ಹತ್ತಿರದಿಂದ ಹೋಗುವಾಗ ನನಗೆ ಗೊತ್ತಿಲ್ಲದೆಯೇ ಉಸಿರು ಒಳಗೆ ಎಳೆದುಕೊಳ್ಳುತ್ತಿದ್ದೆ. ಮಾಮಾನ ತಂಗಿಯ ಮಗನೊಬ್ಬ ಮೋಟರ್ ಸೈಕಲ್ಲಿನಲ್ಲಿ ಆಗಾಗ ಬಂದು ಹೋಗುತ್ತಾನೆ ಎಂಬುದು ನನಗೆ ಮೊದಲೇ ಗೊತ್ತಿತ್ತು. ಮಾಮಿಗೆ ಔಷಧ ತಂದುಕೊಡುತ್ತಾನೆ. ಈಗ ಆ ಮೋಟರ್ ಸೈಕಲ್ಲು ಏನು ಕುಡಿದು ಓಡುತ್ತದೆ ಎಂಬ ಪ್ರಶ್ನೆ ಬಂತು. ಒಂದು ದಿನ ಮಾಮಿ ನೀರು ತರಲು ಹೋದಾಗ ಅವರ ಕೋಣೆಯ ಕಿಟಕಿಯಲ್ಲಿ ಒಂದು ಪ್ಲಾಸ್ಟಿಕ್ ಬಾಟಲಿ ಕಂಡಿತು, ಒಳಗೆ ಹಳದಿ ಬಣ್ಣದ್ದೇನೋ. ಕೈ ಹಾಕಿ ಎತ್ತಿಕೊಂಡು ಮುಚ್ಚಳ ತೆಗೆದು ಮೂಸಿದೆ. ಹೊಂಗೆ ಎಣ್ಣೆ. ಮಂಡಿ ನೋವಿಗೆ ಹಚ್ಚುವುದು. ಮುಚ್ಚಳ ಹಾಕಿ ಇದ್ದ ಹಾಗೇ ಇಟ್ಟು ಬಂದೆ. ಆದರೆ ಪೆಟ್ರೋಲಿನ ಬಾಟಲಿ ಬೇರೆ ಎಲ್ಲಿಯೋ ಇರಬಹುದು ಎಂದು ಮನಸ್ಸು ಅಂದಿತು. ಅಲ್ಲಿಗೆ ಆ ಅನುಮಾನ ನನಗೂ ಹತ್ತಿದೆ ಎಂದು ತಿಳಿಯಿತು.

ನಮ್ಮ ಮನೆಯವರು ಮಾತ್ರ ನೇರವಾಗಿ ಕೇಳಿಬಿಡೋಣ ಎಂದರು. ಕೇಳಿದರೆ ಮಾಮಾ ಹುಷಾರಾಗುತ್ತಾರೆ ಎಂದು ಮೈದುನ ತಡೆದ. ನನ್ನ ದೇವರ ಡಬ್ಬಿಯಿಂದ ಬತ್ತಿಯ ದಾರ ತೆಗೆದುಕೊಂಡು ಹೋಗಿ, ಭಾನುವಾರ ಕಾಕ್ ಅಡ್ಡ ಮಾಡಿ, ಹಿಡಿಕೆಗೂ ಪೈಪಿಗೂ ಸೇರಿಸಿ ಒಂದು ಎಳೆ ಕಟ್ಟಿದ. ಶನಿವಾರ ಹೋಗಿ ನೋಡಿದಾಗ ದಾರ ಹರಿದು ಎರಡು ಕಡೆ ಜೋತಾಡುತ್ತಿತ್ತು, ಹಿಡಿಕೆ ಕೆಳಗಿತ್ತು.

ಇನ್ನು ಕೇಳುವುದೇನಿದೆ ಎಂದು ಅವನು ಅಣ್ಣನಿಗೆ ದಾರ ತೋರಿಸಿದ. ನಮ್ಮ ಮನೆಯವರು ದಾರವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಕೊನೆಗೆ ಅವರೇ ಹೋಗಿ ಮಾಮಾನಿಗೆ ಹೇಳಿದರು, ಆದರೆ ದಾರದ ಸುದ್ದಿ ತೆಗೆಯಲಿಲ್ಲ. ಗೇಟಿಗೆ ಕ್ಯಾಮೆರಾ ಹಾಕಿಸುತ್ತೇವೆ, ಇನ್ನು ಕಾಯುವವರು ಬೇಕಾಗುವುದಿಲ್ಲ, ಮುಂದಿನ ಭಾನುವಾರ ಆದ ಮೇಲೆ ಕೋಣೆ ಬಿಟ್ಟುಕೊಡಿ ಎಂದರು. ಮಾಮಾ ಅವರ ಮುಖ ನೋಡಿ “ಬರಂ” ಅಂದರು, ಆಯಿತು ಎನ್ನುವಂತೆ. ಯಾಕೆ ಎಂದು ಕೇಳಲಿಲ್ಲ. ಕೇಳದೇ ಇದ್ದದ್ದೇ ಮೈದುನನಿಗೆ ಇನ್ನೊಂದು ಸಾಕ್ಷಿಯಾಯಿತು. ತಪ್ಪಿಲ್ಲದವನು ಜಗಳಕ್ಕೆ ಬರುತ್ತಿದ್ದ ಎಂಬುದು ಅವನ ವಾದ. ಅವತ್ತು ಮಧ್ಯಾಹ್ನ ನಾನು ಎಂದಿನಂತೆ ರೊಟ್ಟಿ, ಝುಣಕ ಕಟ್ಟಿ ಮಾಮಿಯ ಕೈಗೆ ಕೊಡಲು ಹೋದರೆ, ಅವರು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ, ನಮ್ಮದು ಆಗಿದೆ ಎಂದರು. ಅವರ ಒಲೆಯಿಂದ ಹೊಗೆ ಬಂದಿರಲಿಲ್ಲ.

ಆ ವಾರವೆಲ್ಲ ನನಗೆ ಸಾರಿಗೆ ಒಗ್ಗರಣೆ ಹಾಕುವಾಗಲೂ, ಬಟ್ಟೆ ಮಡಿಸುವಾಗಲೂ ಅದೇ. ವಾರವಾರವೂ ನಮ್ಮ ನಡುವೆ ಓಡಾಡುವ ಮನುಷ್ಯ ಅಷ್ಟು ಸಲೀಸಾಗಿ ಮುಖ ಇಟ್ಟುಕೊಂಡು ಕದಿಯಲು ಸಾಧ್ಯವೇ ಅನ್ನಿಸುತ್ತಿತ್ತು. ಮರುಕ್ಷಣ, ಸಾಧ್ಯವಿಲ್ಲದಿದ್ದರೆ ದಾರ ಹರಿದವರು ಯಾರು ಎಂದು ಅನ್ನಿಸುತ್ತಿತ್ತು.

ಶನಿವಾರ ಬಂತು. ಮೈದುನ ಜನ ಬರುವುದರೊಳಗೆ ಇಂಜಿನ್ ಆಯಿಲ್ ನೋಡೋಣವೆಂದು ಅಳತೆಯ ಕಡ್ಡಿ ಎಳೆದ. ಎಳೆದವನು ಹಾಗೇ ನಿಂತ. ಆಯಿಲ್ ಕಡಿಮೆಯಾಗಿರಬೇಕಿತ್ತು, ಅದು ಗೆರೆ ದಾಟಿ ಮೇಲೆ ಬಂದಿತ್ತು. ಮಾಮಾ ಸಿಟ್ಟಿನಿಂದ ಅದರಲ್ಲಿ ಏನೋ ಸುರಿದಿದ್ದಾರೆ, ಹೋಗುವ ಮುಂಚೆ ಇಂಜಿನ್ ಹಾಳು ಮಾಡುವ ಆಟ ಎಂದ.

ನಾನು ಆ ಕಡ್ಡಿ ಇಸಿದುಕೊಂಡೆ. ಬೇಸನ್ ಉಂಡಿಗೆ ಪಾಕ ನೋಡುವವಳಿಗೆ ಬೆರಳು ತಾನೇ ಹೋಗುತ್ತದೆ. ಹೆಬ್ಬೆರಳು ತೋರುಬೆರಳಿನ ನಡುವೆ ಆಯಿಲ್ ಹಿಡಿದು ಬಿಡಿಸಿದೆ. ಎಳೆ ಬರಲೇ ಇಲ್ಲ. ನೀರಿನಂತೆ ತೆಳ್ಳಗೆ ಜಾರಿತು. ಮೂಸಿದೆ. ಪೆಟ್ರೋಲು.

“ನೋಡಪ್ಪಾ,” ಅಂದೆ ಮೈದುನನಿಗೆ, “ಕಳವು ಮಾಡಿದ್ರ ಪೆಟ್ರೋಲ್ ಹೊರಗ ಹೋಗಬೇಕು. ಇದು ಒಳಗ ಹೋಗೇದ.”

ಅವನೂ ಮೂಸಿದ. ಹಾಗಾದರೆ ಸೂಜಿ ಸೋರಿ, ಬಟ್ಟಲು ತುಂಬಿ, ಇಂಜಿನ್ನಿಗೆ ಇಳಿದಿರಬೇಕು ಎಂದು ಒಪ್ಪಿಕೊಂಡ. ಸೋರುವ ಸೂಜಿಯಿದ್ದರೂ ಕಾಕ್ ಬಂದ್ ಇದ್ದರೆ ಒಂದು ಹನಿ ಇಳಿಯುವುದಿಲ್ಲ, ಕಾಕ್ ತೆಗೆದವರು ಯಾರು ಎಂದು ಮತ್ತೆ ಅಲ್ಲಿಗೇ ಬಂದ. ಅದು ಸರಿಯಾದ ಪ್ರಶ್ನೆಯೇ ಆಗಿತ್ತು.

ನಾನು ಮಾಮಾನ ಕೋಣೆಯ ಕಡೆ ನಡೆದೆ. ಅವರು ಹೊರಗೆ ಹಗ್ಗದ ಮಂಚ ಮಗುಚಿ ಹಾಕಿ ಅದರ ಕಾಲು ಬಿಚ್ಚುತ್ತಿದ್ದರು, ಟೆಂಪೊದಲ್ಲಿ ಹಾಕಲು ಅನುಕೂಲವಾಗಲೆಂದು. ಮಾಮಿ ಪಾತ್ರೆಗಳನ್ನು ಒಂದರೊಳಗೊಂದು ಕೂರಿಸಿ ಗೋಣಿಚೀಲಕ್ಕೆ ಇಳಿಸುತ್ತಿದ್ದರು. ನಾನು ಅವರ ಎದುರಿನ ಕಲ್ಲಿನ ಮೇಲೆ ಕೂತು, ಸಂಜೆ ನಾವು ಹೋದ ಮೇಲೆ ಗಾಡಿಗೆ ನೀವೇನಾದರೂ ಮಾಡುತ್ತೀರಾ ಎಂದು ಮರಾಠಿಯಲ್ಲಿ ಕೇಳಿದೆ. ಮಾಮಾ ತಲೆ ಎತ್ತದೆ, ದಾದಾ ಹೇಳಿದ್ದನ್ನು ಮಾಡುತ್ತೇನೆ ಎಂದರು. ನನ್ನ ಮೈದುನನನ್ನು ಅವರು ದಾದಾ ಎಂದೇ ಕರೆಯುವುದು. ದಾದಾ ಏನು ಹೇಳಿದ್ದು ಎಂದು ಕೇಳಿದೆ.

“ಖಾಲೀ ಕರಾಯಚಂ ಮ್ಹಣಾಲೇ. ಮೀ ಖಾಲೀ ಕರತೋ.”

ಖಾಲಿ ಮಾಡು ಎಂದರು, ನಾನು ಖಾಲಿ ಮಾಡುತ್ತೇನೆ. ಮನುಷ್ಯ ಎಷ್ಟು ಸುಲಭವಾಗಿ ಒಪ್ಪಿಕೊಂಡರಲ್ಲ. ಮೆಲ್ಲಗೆ, ತೆಗೆದ ಪೆಟ್ರೋಲು ಎಲ್ಲಿಡುತ್ತೀರಿ ಎಂದೆ. ಮಾಮಾ ಈಗ ತಲೆ ಎತ್ತಿದರು. ಯಾವ ಪೆಟ್ರೋಲು ಎಂದರು. ಮಾಮಿಯೂ ಕೈ ನಿಲ್ಲಿಸಿದರು. ನನ್ನ ಬಾಯಿಂದ ಇನ್ನೊಂದು ಮಾತು ಬಂದಿದ್ದರೆ ಎಲ್ಲ ಕೆಡುತ್ತಿತ್ತು. ಯಾಕೋ ಸುಮ್ಮನಾಗಿ, ನೀವು ಮಾಡುವುದನ್ನು ನನಗೆ ಒಮ್ಮೆ ತೋರಿಸಿ ಎಂದೆ.

ಅವರು ಮಂಡಿ ಹಿಡಿದು ಎದ್ದು ಶೆಡ್ಡಿಗೆ ಬಂದರು. ಮೈದುನ, ನಮ್ಮ ಮನೆಯವರು ಅಲ್ಲೇ ಇದ್ದರು. ಆಯಿಲ್ ನೋಡುವಾಗ ಮೈದುನ ಕಾಕ್ ಅಡ್ಡ ಮಾಡಿದ್ದ. ಮಾಮಾ ಯಾರನ್ನೂ ನೋಡದೆ ಗಾಡಿಯ ಪಕ್ಕ ಬಗ್ಗಿ, ಹೆಬ್ಬೆರಳಿನಿಂದ ಹಿಡಿಕೆಯನ್ನು ಒತ್ತಿ ಕೆಳಗೆ ಮಾಡಿದರು.

“ಹೇ ಬಘಾ, ವಹಿನೀ. ಖಾಲೀ.”

ಮರಾಠಿಯಲ್ಲಿ ಖಾಲೀ ಅಂದರೆ ಕೆಳಗೆ. ಮದುವೆಯಾಗಿ ಬಂದಾಗಿನಿಂದ ನಾನು ದಿನವೂ ಕೇಳುವ, ಆಡುವ ಮಾತು. ಬಸ್ಸಿನ ಕಂಡಕ್ಟರ್ ಖಾಲೀ ಉತರಾ ಎಂದರೆ ಕೆಳಗೆ ಇಳಿಯುತ್ತೇನೆ. ತರಕಾರಿಯವನು ಬಂದಾಗ ಪಕ್ಕದ ಮನೆಯವಳು ಖಾಲೀ ಯೇ ಎಂದು ಕೂಗಿದರೆ ಚೀಲ ಹಿಡಿದು ಕೆಳಗೆ ಹೋಗುತ್ತೇನೆ. ಮೇಲೆ ಬಂದು ಬಾಗಿಲು ಹಾಕಿದ ಕೂಡಲೇ ಸಕ್ಕರೆ ಡಬ್ಬಿ ಖಾಲಿ, ಗ್ಯಾಸ್ ಖಾಲಿ. ಎರಡೂ ಖಾಲಿಗಳು ನನ್ನ ಬಾಯಲ್ಲಿ ಇಷ್ಟು ಕಾಲ ಒಟ್ಟಿಗಿದ್ದರೂ ಒಂದನ್ನೊಂದು ನೋಡಿರಲಿಲ್ಲ. ಕಲ್ಲಿನ ಮೇಲೆ ಕೂತು ಮರಾಠಿಯಲ್ಲಿ ಕೇಳಿ, ಮರಾಠಿಯಲ್ಲಿ ಉತ್ತರ ಪಡೆದು, ಅದನ್ನು ನಾನು ಕನ್ನಡದಲ್ಲಿ ಅರ್ಥ ಮಾಡಿಕೊಂಡಿದ್ದೆ. ಅನುಮಾನ ಮೊದಲೇ ಒಳಗೆ ಕೂತಿದ್ದರಿಂದ ಅದಕ್ಕೆ ಬೇಕಾದ ಅರ್ಥವೇ ಮೊದಲು ಹೊಳೆಯಿತು.

ನಾನು ಮೈದುನನಿಗೆ ಅವತ್ತು ಮಾಮಾನಿಗೆ ಏನು ಹೇಳಿದ್ದಿ ಎಂದು ಕೇಳಿದೆ. ಕಾರ್ಬೊರೇಟರ್ ಖಾಲಿ ಕರಾ ಎಂದು ಹೇಳಿದ್ದೆ, ಮತ್ತೇನು ಎಂದ. ಹೇಳುತ್ತ ಹೇಳುತ್ತ ಅವನ ಬೆರಳು ಅವತ್ತಿನಂತೆಯೇ ಗಾಡಿಯ ಹೊಟ್ಟೆಯ ಕಡೆ ಹೋಯಿತು. ಅಲ್ಲಿ ಕಾರ್ಬೊರೇಟರೂ ಇತ್ತು, ಅದರ ಮೇಲೆಯೇ ಕಾಕ್‌ನ ಹಿಡಿಕೆಯೂ ಇತ್ತು. ಮಾಮಾನ ಹೆಬ್ಬೆರಳು ಇನ್ನೂ ಅದರ ಮೇಲಿತ್ತು. ಅವನ ಬೆರಳು ಮಡಚಿಕೊಂಡಿತು.

ಭಾನುವಾರ ಅವನು ಅಡ್ಡ ಮಾಡಿ ಹೋಗುತ್ತಿದ್ದ. ಸಂಜೆ ಗಿಡಗಳಿಗೆ ನೀರು ಹಾಕಿ ಬಂದ ಮಾಮಾ, ದಾದಾ ಇವತ್ತೂ ಮರೆತು ಹೋಗಿದ್ದಾರೆ ಎಂದು ಅದನ್ನು ಕೆಳಗೆ ಮಾಡುತ್ತಿದ್ದರು. ಒಂದು ವಾರವೂ ತಪ್ಪಿಸಿರಲಿಲ್ಲ.

ಮಾಮಿ ಅಷ್ಟರಲ್ಲಿ ಹಿಂದೆ ಬಂದು ನಿಂತಿದ್ದರು. ಖಾಲಿ ಅಂದರೆ ಕನ್ನಡದಲ್ಲಿ ಏನು ಎಂದು ನಾನು ಹೇಳಿದ ಮೇಲೆ, ಅವರು ಹಾಗಾದರೆ ರಿಕಾಮಂ ಎಂದು ಹೇಳಬೇಕಿತ್ತು ಎಂದರು. ಬರಿದು ಎನ್ನುವುದಕ್ಕೆ ಅದು ಅವರ ಮಾತು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಎಳೆಯ ಮಗುವಿಗೆ ಮಾತು ತಿದ್ದುವಂತೆ ಹೇಳಿದರು. ನಮ್ಮ ಮನೆಯವರಿಗೆ ನಗು ಬಂದು ಅರ್ಧಕ್ಕೆ ನಿಂತಿತು.

ಒಂದು ಸಂಶಯ ಇನ್ನೂ ಇತ್ತು. ಬಟ್ಟಲು ತುಂಬಿದರೆ ಹೆಚ್ಚಿನ ಪೆಟ್ರೋಲು ಹೊರಗೆ ಸುರಿಯಲು ಕೆಳಗೊಂದು ಸಣ್ಣ ಕೊಳವೆ ಇರುತ್ತದೆ. ಅದರಿಂದ ಸುರಿದು ನೆಲ ಒದ್ದೆಯಾಗಿದ್ದರೆ ಯಾರ ಕಣ್ಣಿಗಾದರೂ ಬೀಳುತ್ತಿತ್ತು. ಮೈದುನ ಮಲಗಿ ಕೊಳವೆಯೊಳಗೆ ತಂತಿ ಹಾಕಿ ಎಳೆದ. ಒಣ ಮಣ್ಣು ಉದುರಿತು. ಮಣ್ಣಿನ ಜೊತೆ ಸತ್ತ ಹಸಿರು ಹುಳ ಒಂದು. ಮಳೆಗಾಲದಲ್ಲಿ ಗಾಡಿ ಸುಮ್ಮನೆ ನಿಂತಾಗ ಕುಂಬಾರ ಹುಳ ಅಲ್ಲಿ ಮನೆ ಮಾಡಿತ್ತು. ಹೊರಗಿನ ದಾರಿ ಮುಚ್ಚಿದ್ದರಿಂದ ಪೆಟ್ರೋಲು ಇಂಜಿನ್ನಿನ ದಾರಿ ಹಿಡಿದಿತ್ತು. ಕೊಳವೆಯಿಂದ ಮಣ್ಣು ಹೋಗಿ ಒಂದು ಗಳಿಗೆಗೆ ಪೆಟ್ರೋಲು ಟಪ್ ಟಪ್ ಎಂದು ಅವನ ತೋಳಿನ ಮೇಲೇ ಬಿತ್ತು. ಅವನು ಎದ್ದು ಕಾಕ್ ಅಡ್ಡ ಮಾಡಿದ.

ನಮ್ಮ ಮನೆಯವರು ಮಾಮಾನ ಹತ್ತಿರ ಹೋಗಿ, ಮಂಚದ ಕಾಲು ಬಿಚ್ಚುವುದು ಬೇಡ, ಕ್ಯಾಮೆರಾ ಹಾಕಿಸುವುದಿಲ್ಲ, ನೀವು ಇಲ್ಲೇ ಇರಬೇಕು ಎಂದರು. ಮೈದುನನೂ ಮುಂದೆ ಬಂದ. ಅವನ ಕುತ್ತಿಗೆ ಕೆಂಪಾಗಿತ್ತು. ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಇದೆಲ್ಲ ಭಾಷೆಯಿಂದ ಆದದ್ದು ಎಂದು ಹೇಳಿದ.

ಮಾಮಾ ಅವನನ್ನು ಒಂದು ಕ್ಷಣ ನೋಡಿದರು. ಆಮೇಲೆ ಶಾಂತವಾಗಿಯೇ ಕೇಳಿದರು.

“ದೋರಾ ಪಣ ಭಾಷೇಚಾಚ ಕಾ, ದಾದಾ?”

ದಾರವೂ ಭಾಷೆಯದೇ ಏನು.

ದಾರವನ್ನು ಅವರು ನೋಡಿದ್ದರು. ಹಿಡಿಕೆ ಕೆಳಗೆ ಒತ್ತಿದಾಗಲೇ ಅದು ಹರಿದದ್ದು ಅವರಿಗೆ ಗೊತ್ತಿತ್ತು. ಯಾರು ಕಟ್ಟಿದರು, ಯಾಕೆ ಕಟ್ಟಿದರು ಎಂದು ಮೊದಲು ತಿಳಿದಿರಲಿಲ್ಲವಂತೆ. ಕೋಣೆ ಬಿಡಿ ಎಂದ ದಿನ ತಿಳಿಯಿತಂತೆ. ಅದಕ್ಕೇ ಯಾಕೆ ಎಂದು ಕೇಳಿರಲಿಲ್ಲ. ಮೈದುನ ತೋಳಿನ ಮೇಲಿನ ಪೆಟ್ರೋಲು ಒರೆಸತೊಡಗಿದ. ನನಗೆ ಕಿಟಕಿಯ ಹೊಂಗೆ ಎಣ್ಣೆಯ ಬಾಟಲಿ ನೆನಪಾಗಿ, ಮಾಮಿಯ ಮುಖ ನೋಡಲಾಗಲಿಲ್ಲ.

ಮಾಮಾ ಹೋಗಲಿಲ್ಲ. ಹೋಗುತ್ತೇನೆ ಎಂದು ಹಟವನ್ನೂ ಮಾಡಲಿಲ್ಲ. ಹೋಗಲು ಎಲ್ಲಿ ಜಾಗವಿದೆ ಎಂಬುದು ನಮಗೂ ಗೊತ್ತು, ಅವರಿಗೂ ಗೊತ್ತು. ಮಂಚಕ್ಕೆ ಕಾಲು ಮತ್ತೆ ಸೇರಿಸಿದರು, ಮಾಮಿ ಪಾತ್ರೆ ಹೊರಗೆ ತೆಗೆದರು. ಆದರೆ ಅವತ್ತು ಸಂಜೆ ಒಂದು ಮಾತು ಸ್ಪಷ್ಟವಾಗಿ ಹೇಳಿದರು, ಇನ್ನು ಮೇಲೆ ಆ ಗಾಡಿಗೆ ತಾನು ಕೈ ಹಚ್ಚುವುದಿಲ್ಲ. ಕೆಳಗೂ ಇಲ್ಲ, ಅಡ್ಡವೂ ಇಲ್ಲ. ಸೂಜಿ ಹೊಸದು ಬಂದು ಹಾಕಿದ ಮೇಲೂ ಆ ಮಾತು ಬದಲಾಗಲಿಲ್ಲ. ಮಳೆ ಹನಿ ಬಿದ್ದು ಗಾಡಿಯ ಮೇಲಿನ ತಾಡಪತ್ರಿ ಸರಿದರೂ ಫೋನ್ ಮಾಡಿ, ಸರಿದಿದೆ, ಬಂದು ಹೊದಿಸಿ ಎಂದು ಹೇಳುತ್ತಾರೆ. ಮೈದುನ ಘಾಟು ದಾಟಿ ಹೋಗಿ ಹೊದಿಸಿ ಬರುತ್ತಾನೆ. ಮಾಮಾ ಕೈ ಹಿಂದೆ ಕಟ್ಟಿಕೊಂಡು ನೋಡುತ್ತಾರೆ.

ಭಾನುವಾರ ಸಂಜೆ ಕಾಕ್ ಬಂದ್ ಮಾಡುವ ಕೆಲಸ ನನಗೆ ಬಂದಿದೆ. ಪಾತ್ರೆಗಳನ್ನು ನಮ್ಮ ಕಾರಿಗೆ ತುಂಬಿಸಿ, ಒಲೆಗೆ ನೀರು ಚಿಮುಕಿಸಿ ಶೆಡ್ಡಿಗೆ ಹೋಗುತ್ತೇನೆ. ಮಾಮಾ ಶೆಡ್ಡಿನ ಹೊರಗೇ ನಿಂತಿರುತ್ತಾರೆ. ನಾನು ಹಿಡಿಕೆ ಅಡ್ಡ ಮಾಡಿದರೆ ಸಾಲದು, ಮೊಬೈಲಿನಲ್ಲಿ ಅದರ ಫೋಟೊ ತೆಗೆಯಬೇಕು. ಮೊದಲ ಸಲ ಅವರು ಹಾಗೆ ಹೇಳಿದಾಗ ನಾನು ತಮಾಷೆ ಎಂದುಕೊಂಡೆ. ತಮಾಷೆಯಾಗಿರಲಿಲ್ಲ. ಫೋಟೊವನ್ನು ಅವರಿಗೆ ತೋರಿಸಬೇಕು. ಅವರು ಕಣ್ಣು ಕಿರಿದು ಮಾಡಿ, ಹಿಡಿಕೆ ಕಾಣುತ್ತದೋ ಇಲ್ಲವೋ ನೋಡಿ, ಬೆಳಕು ಸಾಲದಿದ್ದರೆ ಇನ್ನೊಂದು ತೆಗೆಯಿರಿ ಎನ್ನುತ್ತಾರೆ. ನನ್ನ ಮೊಬೈಲಿನಲ್ಲಿ ಈಗ ಹಬ್ಬದ, ಮದುವೆಯ ಫೋಟೊಗಳ ನಡುವೆ ಅಲ್ಲಲ್ಲಿ ಒಂದು ಅಡ್ಡ ಹಿಡಿಕೆ ಬರುತ್ತದೆ. ಅಳಿಸಲು ನನಗೆ ಧೈರ್ಯವಿಲ್ಲ.

ಮೈದುನ ಕಾರು ಸ್ಟಾರ್ಟ್ ಮಾಡಿಕೊಂಡು ಕಾಯುತ್ತಿರುತ್ತಾನೆ. ತಡವಾದರೆ ಘಾಟಿನಲ್ಲಿ ಟ್ರಾಫಿಕ್ ಹೆಚ್ಚುತ್ತದೆ ಎಂದು ಹಾರ್ನ್ ಒತ್ತುತ್ತಾನೆ. ಗೇಟಿನ ಕೀಲಿ ಮಾಮಾನ ಸೊಂಟದಲ್ಲಿರುತ್ತದೆ. ಫೋಟೊ ನೋಡಿ ಮುಗಿಯುವವರೆಗೆ ಅವರು ಆ ಕಡೆ ಹೆಜ್ಜೆ ಇಡುವುದಿಲ್ಲ.